ದೇವೇಂದ್ರನಿಗೆಂದು ನೆಟ್ಟ ಗೋಜಿ

ಕಾಫಿ ಸೀಮೆಯವರಿಗೆ ಒಂದು ಹುಚ್ಚಿದೆ. ಯಾವ ಗಿಡ ಕೈಗೆ ಸಿಕ್ಕರೂ ಮೊದಲು ಅದಕ್ಕೊಂದು ನೆರಳು ಹುಡುಕುತ್ತಾರೆ. ಆಲ್ದೂರಿನ ಹತ್ತಿರದ ಎಸ್ಟೇಟಿನ ನರ್ಸರಿಯಲ್ಲಿ, ಮದುವೆಯಾಗಿ ಬಂದಾಗಿನಿಂದ ಕಾಫಿ ಸಸಿ ಸಾಕುತ್ತಿರುವ ಕುಸುಮಾಳಿಗಂತೂ ಈ ಹುಚ್ಚು ತುಸು ಜಾಸ್ತಿಯೇ. ಹಾಗಾಗಿ ಗೋಜಿ ಎಂಬ ಕೆಂಪು ಹಣ್ಣಿನ ಗಿಡದ ಸಸಿ ಎದ್ದ ಕೂಡಲೇ ಹಿತ್ತಲಿನ ಹಲಸಿನ ಮರದ ಬುಡದಲ್ಲಿ ತಣ್ಣಗಿನ ಜಾಗ ನೋಡಿ ನೆಟ್ಟಳು. ನಿನಗೆಲ್ಲಿ ಹಿತ ಎಂದು ಗಿಡವನ್ನು ಕೇಳಿದವರು ಯಾರು?

ಅವಳು ಆ ಗಿಡ ನೆಟ್ಟಿದ್ದು ಚೆಂದಕ್ಕಲ್ಲ, ಗಂಡ ದೇವೇಂದ್ರನಿಗಾಗಿ. ಅವನು ಮರಗಸಿಯವನು, ಅಂದರೆ ತೋಟದ ನೆರಳು ಮರಗಳನ್ನು ಹತ್ತಿ, ಕಾಫಿಗೆ ಎಷ್ಟು ಬೆಳಕು ಬೇಕೋ ಅಷ್ಟೇ ಬಿಟ್ಟು ಕೊಂಬೆ ಸವರುವ ಕೆಲಸದವನು. ಸುತ್ತಲಿನ ತೋಟಗಳಲ್ಲಿ ಅವನನ್ನು ಬಿಟ್ಟು ಮರಗಸಿ ಶುರುವಾಗುತ್ತಿರಲಿಲ್ಲ. ಒಂದು ವರ್ಷ ಏಣಿಯ ಅರ್ಧಕ್ಕೇ ಏದುಸಿರು ಬಂತು. ನೋಡಿದರೆ ಗುಂಡಿಗೆಯ ಕವಾಟ ಕೆಟ್ಟಿತ್ತು. ಎದೆ ಕೊಯ್ದು ಬೇರೆ ಕವಾಟ ಕೂರಿಸಿದರು. ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಮಾತ್ರೆ ನುಂಗಬೇಕು, ಗಾಯವಾದರೆ ರಕ್ತ ನಿಲ್ಲುವುದು ಕಷ್ಟ, ಆದ್ದರಿಂದ ಕತ್ತಿ ಹಿಡಿಯಬೇಡಿ, ಮರ ಹತ್ತಬೇಡಿ ಎಂದರು. ಅಂಥ ಆಳು ಮನೆಯ ಜಗಲಿಯಲ್ಲಿ ಕೂತು ಎದುರಿನ ಮರಗಳನ್ನು ನೋಡುತ್ತಾ ಸೊರಗತೊಡಗಿದ. ಕುಸುಮಾಳಿಗೆ ಹೆದರಿಕೆ ಹೊಕ್ಕಿತು. ಇವರು ನನ್ನನ್ನು ಬಿಟ್ಟು ಹೋಗಿಬಿಡುತ್ತಾರೆ ಎಂಬ ಹೆದರಿಕೆ. ಬೇರೆ ಏನೇ ಬರಲಿ, ಅದನ್ನು ಮಾತ್ರ ತಾಳುವ ಶಕ್ತಿ ಅವಳಲ್ಲಿರಲಿಲ್ಲ.

ಆಗ ಸಿಕ್ಕವಳು ಆಯಿಷಾ. ಆಲ್ದೂರಿನಲ್ಲಿ ಗೋಡಂಬಿ, ದ್ರಾಕ್ಷಿ, ಖರ್ಜೂರದ ಅಂಗಡಿ ಅವಳದು. ಒಣದ್ರಾಕ್ಷಿಯಂತೆ ಮುದುಡಿದ ಕೆಂಪು ಹಣ್ಣು ತೋರಿಸಿ, ಇದು ಗೋಜಿ, ತಿಂದರೆ ರಕ್ತ ಹೊಸದಾಗುತ್ತದಂತೆ ಎಂದಳು. ‘ಅಂತೆ’ ಎಂಬುದು ಕುಸುಮಾಳ ಕಿವಿಗೆ ಬೀಳಲೇ ಇಲ್ಲ. ದಿನಾ ಕೊಳ್ಳುವಷ್ಟು ಅಗ್ಗದ ಹಣ್ಣಲ್ಲ, ಹಾಗಾಗಿ ಒಂದು ಹಿಡಿ ತಂದು ನೆನೆಸಿ, ಬದನೆ ಬೀಜದಷ್ಟೇ ಸಣ್ಣ ಬೀಜ ತೆಗೆದು ಬಿತ್ತಿದಳು. ನರ್ಸರಿಯ ಕೈ, ಸಸಿ ಏಳದೆ ಇರುತ್ತದೆಯೇ?

ಎದ್ದಿತು, ಎತ್ತರಕ್ಕೂ ಹೋಯಿತು, ಆದರೆ ಹೂವಿಲ್ಲ. ಗೊಬ್ಬರ ಕೊಟ್ಟಳು, ಕಾಫಿ ಗಿಡಕ್ಕೆ ಮಾಡುವ ಹಾಗೆ ಹೊಸ ಚಿಗುರನ್ನೆಲ್ಲ ಚಿವುಟಿದಳು. ಎರಡು ಮಳೆಗಾಲ ಕಳೆದರೂ ಗಿಡ ಬಿಳಿಚಿಕೊಂಡು ನಿಂತೇ ಇತ್ತು. ಹೀಗಿರುವಾಗ ಒಂದು ದಿನ ಆಯಿಷಾ ಟೀ ಕುಡಿಯಲು ಮಹಡಿಗೆ ಕರೆದಳು. ಅಲ್ಲಿ ತಾರಸಿಯ ಮೇಲೆ, ಉರಿಬಿಸಿಲಿನಲ್ಲಿ, ಹಳೇ ಪೇಂಟ್ ಡಬ್ಬದೊಳಗೊಂದು ಗೋಜಿ ಗಿಡ! ನೀರು ಕೂಡ ನೆನಪಾದಾಗ ಹಾಕುತ್ತಿದ್ದಳಂತೆ. ಜೋತುಬಿದ್ದ ಹೊಸ ಕೊಂಬೆಗಳ ತುಂಬ ನೇರಳೆ ಹೂವು, ನಡುನಡುವೆ ಕೆಂಪು ಹಣ್ಣು. ಸುಳ್ಳೇಕೆ ಹೇಳಬೇಕು, ಅವತ್ತು ಕುಸುಮಾಳಿಗೆ ಆಯಿಷಾ ಕೊಟ್ಟ ಟೀ ಕೂಡ ರುಚಿಸಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಎದ್ದು ಹೋಗಿ ಹಲಸನ್ನು ಮೇಲಿನಿಂದ ಕೆಳಗೆ ನೋಡಿದ. ಚಿಗುರು ಚಿವುಟುವುದು ಸಾಕು, ಗಿಡಕ್ಕೆ ಬಿಸಿಲು ಬೇಕು, ಮರಗಸಿ ಆಗಬೇಕು ಎಂದ. ಅವನ ಕೈ ಕತ್ತಿ ಇಟ್ಟಿದ್ದ ಸೂರಿನ ಕಡೆ ಹೋಗಿದ್ದನ್ನು ಕಂಡು ಕುಸುಮಾ ಅಡ್ಡ ನಿಂತಳು. ಕೊನೆಗೆ ಸೆರಗು ಬಿಗಿದು ಏಣಿ ಹತ್ತಿದವಳು ಅವಳೇ. ದೇವೇಂದ್ರ ಕೆಳಗೆ ನಿಂತು ಏಣಿ ಹಿಡಿದು, ಆ ಕೊಂಬೆ ಬೇಡ, ಅದರ ಪಕ್ಕದ್ದು, ಕೆಳಗಿನಿಂದ ಮೊದಲು ಕಚ್ಚು ಹಾಕು, ಇಲ್ಲದಿದ್ದರೆ ಸಿಪ್ಪೆ ಸೀಳುತ್ತದೆ ಎಂದು ಮೇಸ್ತ್ರಿಗಿಂತ ಜೋರಾಗಿ ಹುಕುಂ ಹೊರಡಿಸಿದ. ಕೈಯೆಲ್ಲ ಹಲಸಿನ ಸೊನೆ ಮೆತ್ತಿಕೊಂಡು ಇಳಿದವಳು ನೋಡಿದರೆ ಗಂಡನ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ನಗು. ಆ ನಗುವಿಗೆ ಇನ್ನೂ ನಾಲ್ಕು ಮರ ಬೇಕಾದರೂ ಹತ್ತುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಮರಗಸಿ ಆಗಿತ್ತು. ಯುಗಾದಿಯ ಹೊತ್ತಿಗೆ ಗೋಜಿ ಕೆಂಪಾಯಿತು. ದೇವೇಂದ್ರ ಸ್ಟೂಲು ಹಾಕಿಕೊಂಡು ಕೂತು ಪಿಕಳಾರ ಹಕ್ಕಿಗಳನ್ನು ಓಡಿಸುತ್ತಿದ್ದ. ಆದರೂ ಒಂದು ಹಣ್ಣನ್ನೂ ಬಾಯಿಗೆ ಹಾಕಲು ಅವಳು ಬಿಡಲಿಲ್ಲ. ದಿನಕ್ಕೆ ಎಷ್ಟು ತಿನ್ನಬೇಕು, ಊಟಕ್ಕೆ ಮೊದಲೋ ಆಮೇಲೋ, ಎಲ್ಲ ಡಾಕ್ಟರನ್ನು ಕೇಳಿಯೇ ಕೊಡುತ್ತೇನೆ ಎಂದು ನಾಲ್ಕು ಹಣ್ಣನ್ನು ಡಬ್ಬಿಯಲ್ಲಿ ಹಾಕಿಕೊಂಡು, ಗಂಡನ ರಕ್ತಪರೀಕ್ಷೆಯ ವರದಿ ತೋರಿಸಲು ಚಿಕ್ಕಮಗಳೂರಿಗೆ ಹೋದಳು.

ಡಾಕ್ಟರ್ ಶಾಲಿನಿ ಹಣ್ಣು ನೋಡಿ ಮೊದಲು ಬೆಳೆದವಳನ್ನು ಹೊಗಳಿದರು. ಆಮೇಲೆ ಮೆತ್ತಗೆ ಹೇಳಿದರು: “ಕುಸುಮಾ ಅವ್ರೇ, ಇದು ನಿಮ್ಮ ಯಜಮಾನ್ರಿಗೆ ಬೇಡ. ಅವ್ರು ತಗೊಳ್ಳೋ ಮಾತ್ರೆ ಜೊತೆ ಇದು ಸೇರಿದ್ರೆ ರಕ್ತಸ್ರಾವ ಆಗ್ಬಹುದು. ಒಂದು ಹಣ್ಣೂ ಕೊಡ್ಬೇಡಿ.”

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಇಷ್ಟು ನೆಟ್ಟಗೆ ತನ್ನ ಮನೆ ಬಾಗಿಲಿಗೇ ಬಂದು ನಿಲ್ಲಬೇಕೇ? ಕೇಳದೆ ಕೊಟ್ಟಿದ್ದರೆ ಏನಾಗುತ್ತಿತ್ತು? ಹೋದ ಕೂಡಲೇ ಆ ಗಿಡವನ್ನು ಬುಡಸಮೇತ ಕೀಳುವುದೇ ಸರಿ ಎಂದುಕೊಂಡು ಮನೆಯ ದಾರಿ ಹಿಡಿದಳು.

ಹಿತ್ತಲಿಗೆ ಬಂದರೆ ದೇವೇಂದ್ರ ಕಾಯುತ್ತಿದ್ದ. ಕೈ ತಾಗಿದರೆ ಕಪ್ಪಾಗುವ ಹಣ್ಣು ಅದು. ತೊಟ್ಟು ಹಿಡಿದು ಒಂದೊಂದಾಗಿ ಬಿಡಿಸಿ ಸ್ಟೀಲ್ ತಟ್ಟೆಯಲ್ಲಿಟ್ಟಿದ್ದ. ಅವಳು ನಿಂತಲ್ಲೇ ಎಲ್ಲ ಹೇಳಿಬಿಟ್ಟಳು. ಕೀಳುತ್ತೇನೆಂದು ಗಿಡಕ್ಕೆ ಕೈಯನ್ನೂ ಹಾಕಿದಳು.

“ಕೀಳದು ಎಂತಕ್ಕೆ ಮಾರಾಯ್ತಿ? ನೀನು ತಿನ್ನು.”

“ನಂಗೆ ಎಂತ ಆಗಿದೆ ಅಂತ ತಿನ್ಲಿ?”

“ಆಗ್ಬಾರ್ದು ಅಂತಲೇ ಹೇಳದು,” ಎಂದ ದೇವೇಂದ್ರ. “ನಾನು ಹೋಗ್ಬಿಡ್ತೀನಿ ಅಂತ ನಿಂಗೆ ಹೆದರಿಕೆ ಅಲ್ವಾ? ನಂಗೂ ಅದೇ ಹೆದರಿಕೆ ಕಣೇ, ನಿನ್ ಬಗ್ಗೆ. ನಾನು ಹೇಳ್ಲಿಲ್ಲ, ಅಷ್ಟೇ.”

ಕುಸುಮಾಳ ಕೈ ಗಿಡ ಬಿಟ್ಟಿತು. ಈ ಮನೆಗೆ ಬಂದ ಮೇಲೆ ಗಂಡ ಉಣ್ಣುವ ಮೊದಲು ಅವಳು ಒಂದು ತುತ್ತು ಬಾಯಿಗಿಟ್ಟವಳಲ್ಲ. ತನ್ನ ಮೈ ಹೇಗಿದೆ ಎಂದು ಅವಳನ್ನು ಕೇಳಿದವರೂ ಇರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ದೇವೇಂದ್ರ ತಟ್ಟೆ ಮುಂದೆ ಚಾಚಿದ. ನಾಚಿಕೆಯಿಂದ ಆ ಕಡೆ ತಿರುಗಿ ಒಂದನ್ನು ಬಾಯಿಗೆ ಹಾಕಿದಳು.

“ಹೆಂಗಿದೆ?”

ಒಂಚೂರು ಸಿಹಿ, ಹಿಂದೆಯೇ ಕಹಿ, ಟೊಮೆಟೊ ವಾಸನೆ. “ಇದೇನು ಹಣ್ಣೋ ಏನೋ,” ಎಂದು ಮುಖ ಕಿವಿಚಿದಳು. ಬಸ್ಸಿನಲ್ಲಿ ಬಾರದ ಅಳು ಈಗ ಬಂತು, ನಗುವೂ ಬಂತು.

“ಇನ್ನೊಂದು,” ಎಂದ ದೇವೇಂದ್ರ. ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ತಟ್ಟೆ ಖಾಲಿಯಾಗುವ ತನಕ ತಾನು ನಿಂತೇ ಇದ್ದ.