ಅತ್ತೆಯ ಭುಜ, ಸೊಸೆಯ ಕ್ಲಿನಿಕ್ಕು

ಮೊಬೈಲ್ ರಿಪೇರಿ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಆ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರಲ್ಲಿ ಎರಡು ಬಗೆ. ಮನೆಯಲ್ಲಿ ವ್ಯಾಯಾಮ ಮಾಡಲಿಲ್ಲ ಎಂದು ಒಪ್ಪಿಕೊಳ್ಳುವವರು, ಮಾಡಿದೆವು ಎಂದು ಸುಳ್ಳು ಹೇಳುವವರು. ಮೊದಲನೆಯ ಬಗೆಯವರನ್ನು ಡಾಕ್ಟರು ಇನ್ನೂ ಕಂಡಿರಲಿಲ್ಲ.

ಡಾಕ್ಟರು ಎಂದರೆ ನಲವತ್ತರ ಆಚೀಚಿನ, ತೆಳ್ಳಗಿನ ಹೆಂಗಸು. ನೋಡಿದರೆ ಗಾಳಿಗೆ ಹಾರಿಹೋಗುವಂತೆ ಕಾಣುತ್ತಿದ್ದರೂ ಹೆಬ್ಬೆರಳು ಒತ್ತಿದರೆ ಗಟ್ಟಿಮುಟ್ಟಾದ ಗಂಡಸರೂ ಹಾಸಿಗೆಯ ಅಂಚು ಹಿಡಿದುಕೊಳ್ಳುತ್ತಿದ್ದರು. ಅವಳ ಬೆಂಚಿನ ಮೇಲೆ ದಿನಾ ಒಂದು ಪುಟ್ಟ ಸಭೆ ಸೇರುತ್ತಿತ್ತು. ಆಯುಷ್ಯವಿಡೀ ಕುರ್ಚಿಯಲ್ಲಿ ಕೂತು, ಐವತ್ತು ತುಂಬಿದ ಮರುದಿನವೇ ದುಬಾರಿ ಶೂ ಕಟ್ಟಿಕೊಂಡು ಊರೆಲ್ಲ ಓಡಲು ಹೊರಟು ಹಿಮ್ಮಡಿ ಕೆಡಿಸಿಕೊಂಡ ಆಡಿಟರು. ಸ್ವಂತ ಮಗನನ್ನೇ ಬ್ಯಾಡ್ಮಿಂಟನ್‌ನಲ್ಲಿ ಸೋಲಿಸುವ ಹಟಕ್ಕೆ ಬಿದ್ದು ಮೀನಖಂಡ ಹರಿದುಕೊಂಡ ಬ್ಯಾಂಕ್ ಮ್ಯಾನೇಜರು. ಕತ್ತು ನೋವಿಗೆ ಏನು ಕಾರಣ ಎಂದು ಕತ್ತು ಬಗ್ಗಿಸಿಕೊಂಡು ಮೊಬೈಲಿನಲ್ಲಿ ಹುಡುಕುತ್ತಿದ್ದ ವಕೀಲೆ.

ಇವರೆಲ್ಲರ ಪ್ರೀತಿ ಮೂಲೆಯಲ್ಲಿದ್ದ ಕರೆಂಟಿನ ಯಂತ್ರದ ಮೇಲೆ. ಅದಕ್ಕೆ ಹಸಿರು ದೀಪವಿತ್ತು, ಆಗಾಗ ಕುಯ್ ಎನ್ನುತ್ತಿತ್ತು, ಮುಖ್ಯವಾಗಿ ಅದರ ಮುಂದೆ ಸುಮ್ಮನೆ ಮಲಗಿದ್ದರೆ ಸಾಕಾಗಿತ್ತು.

"ಡಾಕ್ಟ್ರೇ, ಇವತ್ತು ಕರೆಂಟು ಸ್ವಲ್ಪ ಜಾಸ್ತಿ ಇಡಿ" ಎನ್ನುತ್ತಿದ್ದರು ಆಡಿಟರು.

"ಕರೆಂಟು ನೋವು ತಗ್ಗಿಸುತ್ತೆ ಸಾರ್, ಅಷ್ಟೇ. ಗುಣ ಮಾಡೋದು ನೀವು ಮನೇಲಿ ಮಾಡೋ ವ್ಯಾಯಾಮ. ಹಿಮ್ಮಡಿ ಏರಿಸಿ ಇಳಿಸೋದು ಮಾಡಿದ್ರಾ?"

"ಓ, ತಪ್ಪದೇ."

ಅವಳು ಹಿಮ್ಮಡಿ ಮುಟ್ಟಿ ನೋಡಿ, ಸುಳ್ಳನ್ನು ಬೆರಳ ತುದಿಯಲ್ಲೇ ಓದಿ, ನಕ್ಕು, ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದಳು. ಅವಳ ತಾಳ್ಮೆಗೆ ಇಡೀ ಬೀದಿಯಲ್ಲಿ ಹೆಸರಿತ್ತು. ಆದರೆ ಸಂಜೆ ಕ್ಲಿನಿಕ್ಕಿನ ಶಟರ್ ಎಳೆಯುವ ಹೊತ್ತಿಗೆ ಆ ತಾಳ್ಮೆಯ ತಳ ಕೆರೆದು ಆಗಿರುತ್ತಿತ್ತು. ಮನೆಗೆ ಅವಳು ಒಯ್ಯುತ್ತಿದ್ದದ್ದು ಖಾಲಿ ಊಟದ ಡಬ್ಬಿ ಮತ್ತು ಹುಂ, ಉಹುಂ ಎಂಬ ಎರಡು ಉತ್ತರ.

ಮನೆಯಲ್ಲಿ ಅತ್ತೆ ಇದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್ಮಿಸ್ಸಾಗಿ ನಿವೃತ್ತರಾದವರು. ಶಾಲೆ ಬಿಟ್ಟು ವರ್ಷಗಳೇ ಆಗಿದ್ದರೂ ಬೀದಿಯಲ್ಲಿ ಅವರು ಬಂದರೆ ಹರಟೆ ಹೊಡೆಯುತ್ತಿದ್ದ ದೊಡ್ಡವರೂ ಗೋಡೆ ಬಿಟ್ಟು ನೇರ ನಿಲ್ಲುತ್ತಿದ್ದರು. ಅಪ್ಪಣೆ ಕೊಟ್ಟು ಗೊತ್ತೇ ಹೊರತು ತೆಗೆದುಕೊಂಡು ಗೊತ್ತಿಲ್ಲದ ಜೀವ. ಸೊಸೆಯ ಕಸುಬಿನ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. ಯಾರಾದರೂ ಕೇಳಿದರೆ, "ಕೈಕಾಲು ಎತ್ತಿಸ್ತಾಳೆ. ನಮ್ಮ ಶಾಲೇಲಿ ಡ್ರಿಲ್ ಮಾಸ್ಟ್ರು ಮಾಡ್ತಿದ್ರಲ್ಲ, ಅದೇ" ಎಂದು ಒಂದೇ ಏಟಿಗೆ ಅವಳ ಪದವಿಯನ್ನು ಮಡಚಿ ಒಳಗಿಡುತ್ತಿದ್ದರು. ಮಗ ವಿಮಾ ಕಚೇರಿಯ ಗುಮಾಸ್ತ. ಅತ್ತೆ ಸೊಸೆಯರ ಮಾತು ಯಾವ ದಿಕ್ಕಿಗೆ ತಿರುಗಿದರೂ ಟಿವಿಯ ಸದ್ದು ಸ್ವಲ್ಪ ಏರಿಸುವುದೇ ಅವನ ತೀರ್ಪು.

ಅಂಥ ಅತ್ತೆಯ ಬಲಭುಜ ಒಂದು ಚಳಿಗಾಲದಲ್ಲಿ ಸದ್ದಿಲ್ಲದೆ ಮುಷ್ಕರ ಹೂಡಿತು. ಬಿದ್ದದ್ದಿಲ್ಲ, ಏಟು ತಿಂದದ್ದಿಲ್ಲ. ಮೊದಲು ತಲೆ ಬಾಚುವಾಗ ಚುಚ್ಚಿತು. ಆಮೇಲೆ ಕೈ ಬೆನ್ನ ಹಿಂದೆ ಹೋಗಲಿಲ್ಲ. ಕೊನೆಗೆ ಅಡುಗೆಮನೆಯ ಮೇಲಿನ ಶೆಲ್ಫಿಗೂ ಕೈ ಎಟುಕದಾಯಿತು. ಅತ್ತೆಯಂತೆ ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಹೀಗೆ ಬಿಗಿದುಕೊಳ್ಳುವುದು ಹೊಸದಲ್ಲ. ಇಂಥ ಭುಜಗಳನ್ನು ಸೊಸೆ ದಿನಾ ನೋಡುತ್ತಿದ್ದಳು. ಬಾಚಣಿಗೆ ಎಡಗೈಗೆ ಬಂದ ದಿನವೇ ಅವಳಿಗೆ ಗೊತ್ತಾಗಿತ್ತು.

"ಅತ್ತೆ, ಅದು ಭುಜ ಹಿಡ್ಕೊಂಡಿರೋದು. ಮೇಜಿಗೆ ಒರಗಿ ಕೈ ಜೋತು ಬಿಟ್ಟು ಆಡಿಸಿ. ಗೋಡೆ ಮೇಲೆ ಬೆರಳು ನಡೆಸಿ" ಎಂದಳು. ಹೇಳಿದ್ದು ಸರಿಯೇ. ಆದರೆ ಹೇಳಿದ್ದು ಚಪ್ಪಲಿ ಮೆಟ್ಟುತ್ತಾ, ಬೀಗದ ಕೈ ಹುಡುಕುತ್ತಾ, ಬಾಗಿಲ ಕಡೆ ಮುಖ ಮಾಡಿ.

"ನಂಗೇನೂ ಆಗಿಲ್ಲ ಕಣೇ. ನೀನು ಹೊರಡು, ಹೊತ್ತಾಯ್ತು" ಎಂದರು ಅತ್ತೆ.

ಏನೂ ಆಗಿಲ್ಲದ ಆ ಭುಜಕ್ಕೆ ಮುಂದೆ ನಡೆದ ಉಪಚಾರ ಕಡಿಮೆಯದಲ್ಲ. ಪಕ್ಕದ ಮನೆಯಾಕೆ ಕೊಟ್ಟ ಎಣ್ಣೆಯಿಂದ ದಿಂಬಿನ ಹೊದಿಕೆಗಳೆಲ್ಲ ಹಳದಿಯಾದವು, ಭುಜ ಹಾಗೇ ಇತ್ತು. ಟಿವಿಯಲ್ಲಿ ನಗುನಗುತ್ತಾ ಮಾರುತ್ತಿದ್ದ ಅಯಸ್ಕಾಂತದ ಪಟ್ಟಿ ಬಂತು. ಅದನ್ನು ಕಟ್ಟಿಕೊಂಡು ಅಡುಗೆಮನೆಗೆ ಹೋದರೆ ಚಮಚಗಳು ಮೈಗೆ ಬರುತ್ತಿದ್ದವು, ನೋವು ಮಾತ್ರ ಹೋಗುತ್ತಿರಲಿಲ್ಲ. ಕಡೆಗೆ ಮಾರುಕಟ್ಟೆಯ ಹಿಂದೆ ಕೈ ಎಳೆದು ಸರಿಮಾಡುವವನೊಬ್ಬ ಇದ್ದಾನೆಂದು ಗೆಳತಿಯೊಬ್ಬರು ಕರೆದೊಯ್ದರು. ಅವನು ಅತ್ತೆಯ ಕೈಯನ್ನು ಹಗ್ಗಜಗ್ಗಾಟದ ಹಗ್ಗದಂತೆ ಹಿಡಿದು ಜಗ್ಗಿದ. ಒಳಗೆಲ್ಲೋ ಟಪ್ ಎಂದಿತು. "ನೋಡಿದ್ರಾ, ಬಿಟ್ಕೊಳ್ತು!" ಎಂದ. ಬಿಟ್ಟುಕೊಂಡದ್ದು ಅತ್ತೆಯ ಧೈರ್ಯ. ಅಂದಿನಿಂದ ಅವರು ಆ ಕೈಯನ್ನು ಎದೆಗೆ ಅವಚಿಕೊಂಡೇ ಓಡಾಡತೊಡಗಿದರು.

ಸೊಸೆಗೆ ಸಿಟ್ಟು ನೆತ್ತಿಗೇರಿತು. "ಮನೇಲೇ ನಾನಿದ್ದೀನಿ, ಕಂಡೋರ ಹತ್ರ ಕೈ ಕೊಟ್ಟು ಬಂದಿದ್ದೀರಲ್ಲ!"

"ನೀನು ಇರೋದು ನೋಡಿದ್ದೀನಲ್ಲ" ಎಂದರು ಅತ್ತೆ. ಟಿವಿಯ ಸದ್ದು ಏರಿತು.

ಒಂದು ವಾರ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಕ್ಲಿನಿಕ್ಕಿನ ರಿಸೆಪ್ಷನ್ ಹೆಂಗಸು ಪರದೆಯೊಳಗೆ ತಲೆ ಹಾಕಿ ಪಿಸುಗುಟ್ಟಿದಳು: "ಮೇಡಂ, ಹೊರಗೆ ನಿಮ್ಮ ಅತ್ತೆ ಕೂತಿದ್ದಾರೆ. ಒಳಗೆ ಬನ್ನಿ ಅಂದ್ರೆ ಬರ್ತಿಲ್ಲ. ಸರದಿ ಬರ್ಲಿ ಅಂತಾರೆ. ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಂಡಿದ್ದಾರಂತೆ."

ಸರದಿ ಬಂದಾಗ ಅತ್ತೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಶಾಲೆಯ ಕಾಲದ ಕೈಚೀಲ ಹಿಡಿದು, ಎಂದೂ ನೋಡದ ಜಾಗಕ್ಕೆ ಬಂದವರಂತೆ ಒಳಗೆ ಬಂದರು.

"ಅತ್ತೆ, ಇದೇನಿದು, ಮನೇಲೇ..."

"ಇಲ್ಲಿ ಅತ್ತೆ ಗಿತ್ತೆ ಯಾರೂ ಇಲ್ಲ ಡಾಕ್ಟ್ರೇ. ನಾನು ಪೇಷೆಂಟು. ಬಲಭುಜ. ಕೂತ್ಕೊಳ್ಳಲಾ?"

ಪರದೆಯಾಚೆ ಬೆಂಚಿನ ಸಭೆ ಕಿವಿಯಾಗಿ ಕೂತಿತ್ತು. ಬೇರೆ ದಾರಿ ಕಾಣದೆ ಸೊಸೆ ಎಲ್ಲರನ್ನೂ ಕೇಳುವಂತೆಯೇ ಶುರು ಮಾಡಿದಳು.

"ಹೇಳಿ ಅಮ್ಮಾ. ನೋವು ಯಾವಾಗಿಂದ?"

ಅತ್ತೆ ಹೇಳಿದರು. ಎಣ್ಣೆ, ಪಟ್ಟಿ, ಟಪ್ ಎಂದದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಕೇಳುತ್ತಾ ಸೊಸೆ ಅವರ ಕೈಯನ್ನು ಮೆಲ್ಲಗೆ ಎತ್ತಿದಳು, ಪಕ್ಕಕ್ಕೆ ಹೊರಳಿಸಿದಳು, ಅದು ಬಿಗಿದು ನಿಂತಲ್ಲಿ ನಿಲ್ಲಿಸಿದಳು. ಅತ್ತೆ ಮುಖ ಕಿವುಚಿದಾಗ ತಾನೂ ಕಿವುಚಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು ಎಂಬುದು ಹೊಳೆದು ಒಂದು ಕ್ಷಣ ಅವಳಿಗೆ ಮುಂದಿನ ಪ್ರಶ್ನೆಯೇ ಮರೆತುಹೋಯಿತು.

"ಮನೇಲಿ ಸಹಾಯಕ್ಕೆ ಯಾರಿದ್ದಾರೆ ಅಮ್ಮಾ?" ಎಲ್ಲ ರೋಗಿಗಳಿಗೂ ಕೇಳುವ ಪ್ರಶ್ನೆ. ಬಾಯಿಂದ ಬಿದ್ದ ಮೇಲೆ ನಾಲಗೆ ಕಚ್ಚಿಕೊಂಡಳು.

"ಮಗ ಇದ್ದಾನೆ, ಟಿವಿ ನೋಡ್ತಾನೆ. ಸೊಸೆ ಇದ್ದಾಳೆ."

"ಸೊಸೆ ನೋಡ್ಕೊಳ್ಳಲ್ವಾ?"

"ಒಳ್ಳೇವಳೇ ಪಾಪ. ಆದ್ರೆ ಊರವರ ಕೈಕಾಲು ನೋಡೋದ್ರಲ್ಲೇ ಸುಸ್ತಾಗಿರ್ತಾಳೆ. ನನ್ನ ಹತ್ರ ಮಾತಾಡುವಾಗ ಅವಳ ಮುಖ ಬಾಗಿಲ ಕಡೆ ಇರುತ್ತೆ. ನೀವು ನೋಡಿ, ಎಷ್ಟು ಸಮಾಧಾನವಾಗಿ ಕೇಳ್ತೀರಿ! ಅವಳಿಗೂ ಸ್ವಲ್ಪ ಕಲಿಸ್ಬೇಕಿತ್ತು ನೀವು."

ಬೆಂಚಿನ ಮೇಲೆ ವಕೀಲೆ ಕೆಮ್ಮಿದಳು. ಡಾಕ್ಟರು ಬಿಸಿನೀರಿನ ಚೀಲ ತರುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಹೀಗೆ ಆ ಮನೆಯಲ್ಲಿ ವಿಚಿತ್ರ ಸಂಸಾರ ಶುರುವಾಯಿತು. ಕ್ಲಿನಿಕ್ಕಿನಲ್ಲಿ ಅಮ್ಮಾ, ಡಾಕ್ಟ್ರೇ. ಮನೆಯಲ್ಲಿ ಅತ್ತೆ, ಕಣೇ. ಒಂದರ ಮಾತು ಇನ್ನೊಂದರ ಹೊಸ್ತಿಲು ದಾಟಬಾರದೆಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಊಟಕ್ಕೆ ಕೂತಾಗ ಅತ್ತೆ ಮಗನಿಗೆ ಹೇಳುತ್ತಿದ್ದರು, "ಏನು ತಾಳ್ಮೆ ಕಣೋ ಆ ಡಾಕ್ಟ್ರಿಗೆ! ಮುಟ್ಟಿದ್ರೆ ಹತ್ತಿ ಮುಟ್ಟಿದಂಗಿರುತ್ತೆ."

"ಆ ಡಾಕ್ಟ್ರು ಮನೇಲಿ ಹೇಗಿರ್ತಾರೋ, ಯಾರಿಗೆ ಗೊತ್ತು" ಎನ್ನುತ್ತಿದ್ದಳು ಸೊಸೆ, ತಟ್ಟೆ ನೋಡುತ್ತಾ.

"ಅಯ್ಯೋ, ಮನೇಲಿ ಹೇಗಿದ್ರೆ ನಮಗೇನು" ಎನ್ನುತ್ತಿದ್ದರು ಅತ್ತೆ.

ಮಗನಿಗೆ ಟಿವಿಯ ಸದ್ದು ಏರಿಸಬೇಕೋ ಇಳಿಸಬೇಕೋ ತಿಳಿಯದೆ ರಿಮೋಟು ಕೈಯಲ್ಲೇ ಉಳಿಯುತ್ತಿತ್ತು.

ಕ್ಲಿನಿಕ್ಕಿನ ಬೆಂಚಿಗೂ ಹೊಸ ಕಾಲ ಬಂತು. ಸರದಿಗೆ ಕಾಯುತ್ತಾ ಸುಮ್ಮನೆ ಕೂರುವುದು ಹೆಡ್ಮಿಸ್ಸಿನ ಜಾಯಮಾನವಲ್ಲ. "ನಿಮ್ಮದೇನು? ಹಿಮ್ಮಡಿನಾ? ಎದ್ದು ನಿಂತು ಮಾಡಿ ತೋರ್ಸಿ" ಎಂದರು ಆಡಿಟರಿಗೆ. ತೆರಿಗೆ ಇಲಾಖೆಗೂ ಅಲ್ಲಾಡದ ಆಡಿಟರು ಎದ್ದು ನಿಂತರು. "ನೀನು ಫೋನ್ ಕೆಳಗಿಡಮ್ಮ, ಗದ್ದ ಒಳಗೆಳಿ" ಎಂದಾಗ ವಕೀಲೆ ಎದುರು ವಾದ ಮಾಡದೆ ಗದ್ದ ಎಳೆದುಕೊಂಡಳು. ಮ್ಯಾನೇಜರು ತನಗೆ ಕೆಲಸವಿದೆಯೆಂದು ಜಾರಲು ನೋಡಿ, ಬಾಗಿಲಲ್ಲೇ ಸಿಕ್ಕಿಬಿದ್ದು, ಗೋಡೆ ಹಿಡಿದು ಮೀನಖಂಡ ಹಿಗ್ಗಿಸಿದರು. ಎಷ್ಟೋ ತಿಂಗಳ ಸಿಹಿಮಾತಿಗೆ ಬಗ್ಗದ ಮೈಗಳು ಒಂದು ಗದರಿಕೆಗೆ ಬಗ್ಗಿದ್ದು ಕಂಡು ಡಾಕ್ಟರಿಗೆ ಖುಷಿಯೂ ಆಯಿತು, ತನ್ನ ಪದವಿಯ ಬಗ್ಗೆ ಸಣ್ಣ ಅನುಮಾನವೂ ಬಂತು.

ಎಲ್ಲರ ಮೈ ಹಗುರಾಗುತ್ತಿತ್ತು, ಅತ್ತೆಯ ಭುಜ ಮಾತ್ರ ಹೂಡಿದ ಮುಷ್ಕರ ಬಿಡಲಿಲ್ಲ.

"ಅಮ್ಮಾ, ಮನೇಲಿ ಮಾಡ್ತಿದ್ದೀರಾ?"

"ತಪ್ಪದೇ" ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಹಿಂದಿನ ಸಂಜೆಯೆಲ್ಲ ಈ ಹೆಂಗಸು ಕೈಯನ್ನು ಎದೆಗೆ ಅವಚಿಕೊಂಡು ಸೋಫಾದಲ್ಲಿ ಕೂತಿದ್ದನ್ನು ಡಾಕ್ಟರು ಕಣ್ಣಾರೆ ನೋಡಿದ್ದಳು. ಹೇಳುವಂತಿಲ್ಲ. ಮನೆ ಎಂಬುದು ಇಲ್ಲಿ ಇಲ್ಲವೇ ಇಲ್ಲ.

"ನೀವು ಮಾಡ್ದೆ ಅಂತೀರಿ. ಭುಜ ಇಲ್ಲ ಅನ್ನುತ್ತೆ. ಯಾರನ್ನ ನಂಬ್ಲಿ?"

ಹೆಡ್ಮಿಸ್ಸಿನ ಮುಖದಲ್ಲಿ, ಹೋಂವರ್ಕ್ ಮಾಡದೆ ಬಂದ ಮಗುವಿನ ಮುಖ ಒಂದು ಗಳಿಗೆ ಇಣುಕಿತು. ದನಿ ತಗ್ಗಿತು. "ಭಯ ಆಗುತ್ತೆ. ಕೈ ಎತ್ತೋಕೆ ಹೋದ್ರೆ ಅವತ್ತಿನ ಟಪ್ ಅನ್ನೋ ಸದ್ದು ಕೇಳಿಸುತ್ತೆ. ಇಲ್ಲಿ ನೀವು ಹಿಡ್ಕೊಂಡಿರ್ತೀರಿ, ಧೈರ್ಯ. ಮನೇಲಿ ಒಬ್ಬಳೇ ಗೋಡೆ ಮುಂದೆ ನಿಂತ್ರೆ ಕೈಯೇ ಏಳಲ್ಲ. ಯಾರ ಹತ್ರ ಹೇಳ್ಕೊಳ್ಳಲಿ?"

ಡಾಕ್ಟರು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. "ನೋವಲ್ಲಿ ಎರಡು ಥರ ಅಮ್ಮಾ. ಹಿಗ್ಗೋ ನೋವು ಒಂದು. ಕೈ ಇಳಿಸಿದ್ರೆ ಸ್ವಲ್ಪ ಹೊತ್ತಲ್ಲಿ ಅದೂ ಇಳಿಯುತ್ತೆ, ಅದಕ್ಕೆ ಹೆದರ್ಬೇಡಿ. ಚುಚ್ಚಿ ನಿಲ್ಲಿಸೋ ನೋವು ಬೇರೆ, ಅದು ಬಂದ್ರೆ ಅಲ್ಲೇ ನಿಲ್ಲಿಸಿ. ಜಗ್ಗೋದು ಯಾವತ್ತೂ ಬೇಡ. ಇಷ್ಟು ದಿನ ಇದನ್ನ ನಾನು ಬಿಡಿಸಿ ಹೇಳ್ಬೇಕಿತ್ತು." ಸ್ವಲ್ಪ ತಡೆದು ಅಂದಳು, "ನಿಮ್ಮ ಸೊಸೆಗೆ ಹೇಳಿ ನೋಡಿ. ಜೊತೆಗೆ ನಿಂತ್ಕೊಳ್ಳಲಿ."

"ನಿಂತ್ಕೊಳ್ತಾಳಾ?"

"ಕೇಳಿದ್ರೆ ನಿಂತ್ಕೊಳ್ಳಬಹುದು."

ಅಂದು ಸಂಜೆ ಸೊಸೆ ಚಪ್ಪಲಿ ಬಿಡುತ್ತಿದ್ದಂತೆ ಅತ್ತೆ ಗಂಟಲು ಸರಿಮಾಡಿಕೊಂಡರು. "ಕೇಳಿಲ್ಲಿ. ಡಾಕ್ಟ್ರು ನಿನಗೊಂದು ಮಾತು ಹೇಳಿ ಕಳಿಸಿದ್ದಾರೆ."

"ಏನಂತೆ ಅತ್ತೆ?" ಎಂದಳು ಸೊಸೆ, ಏನೂ ತಿಳಿಯದವಳಂತೆ.

"ವ್ಯಾಯಾಮ ಮಾಡುವಾಗ ನೀನು ಜೊತೆಗಿರ್ಬೇಕಂತೆ. ನಿನಗೆ ಪುರುಸೊತ್ತಿಲ್ಲ ಅಂತ ಹೇಳ್ದೆ. ಅವರೇ ಒತ್ತಾಯ ಮಾಡಿದ್ರು."

"ಅಷ್ಟು ದೊಡ್ಡ ಡಾಕ್ಟ್ರು ಹೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ. ಬನ್ನಿ."

ಇಬ್ಬರೂ ಅಡುಗೆಮನೆಯ ಗೋಡೆಗೆ ಮುಖಮಾಡಿ ನಿಂತರು. ಸೊಸೆಯ ಒಂದು ಅಂಗೈ ಅತ್ತೆಯ ಬೆನ್ನ ಮೇಲಿತ್ತು. ಅತ್ತೆಯ ಬೆರಳುಗಳು ಗೋಡೆಯ ಮೇಲೆ ಇರುವೆಯಂತೆ ಹತ್ತಿದವು, ನಿಂತವು, ಹೆದರಿದವು, ಇನ್ನಷ್ಟು ಹತ್ತಿದವು. ಆ ದಿನ ಸೊಸೆ ಹುಂ, ಉಹುಂ ಬಿಟ್ಟು ಬೇರೆ ಮಾತೂ ಆಡಿದಳು. ಹಜಾರದಲ್ಲಿ ಟಿವಿಯ ಸದ್ದು ನಿಂತಿತು. ಮಗ ಬಾಗಿಲಲ್ಲಿ ಬಂದು ನಿಂತು, "ಊಟ?" ಎಂದ.

"ಕಾಣ್ತಿಲ್ವಾ? ಬಡಿಸ್ಕೋ" ಎಂದರು ಇಬ್ಬರೂ ಒಂದೇ ಉಸಿರಿಗೆ. ಮದುವೆಯಾದಾಗಿನಿಂದ ಅವರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ಅವನು ಕಂಡಿರಲಿಲ್ಲ. ಗಾಬರಿಯಿಂದ ತಾನೇ ಬಡಿಸಿಕೊಂಡ.

ಬಿಗಿದ ಭುಜ ಅವಸರಕ್ಕೆ ಬಿಡುವಂಥದ್ದಲ್ಲ. ಚಳಿಗಾಲ ಹೋಯಿತು, ಬೇಸಿಗೆ ಬಂತು. ಮೊದಲು ಬಾಚಣಿಗೆ ಬಲಗೈಗೆ ಮರಳಿತು. ಆಮೇಲೆ ಮೇಲಿನ ಶೆಲ್ಫಿನ ಡಬ್ಬಿಗಳು ಸಿಕ್ಕವು. ಬೆನ್ನ ಹಿಂದೆ ಹೋಗುವುದು ಮಾತ್ರ ಪೂರ್ತಿ ಬರಲಿಲ್ಲ, ಬರುವ ಖಾತ್ರಿಯೂ ಇಲ್ಲವೆಂದು ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದ್ದಳು. ಬೀದಿಯಲ್ಲಿ ಯಾರು ಕೇಳಿದರೂ ಅತ್ತೆ ಕ್ಲಿನಿಕ್ಕಿನ ಡಾಕ್ಟರನ್ನು ಹೊಗಳುತ್ತಿದ್ದರು. ಸೊಸೆಯ ಬಗ್ಗೆ ಕೇಳಿದರೆ, "ಅವಳೂ ಈಚೆಗೆ ಪರವಾಗಿಲ್ಲ" ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಪ್ರಥಮ ದರ್ಜೆ.

ಒಂದು ಬೆಳಿಗ್ಗೆ ಡಾಕ್ಟರು ಅವರ ಕೈಯನ್ನು ಎಲ್ಲ ದಿಕ್ಕಿಗೂ ಆಡಿಸಿ ನೋಡಿ ಹೇಳಿದಳು, "ಇನ್ನು ನೀವು ಬರೋದು ಬೇಡ ಅಮ್ಮಾ. ಮನೇಲಿ ಮುಂದುವರಿಸಿದ್ರೆ ಸಾಕು."

ಅತ್ತೆ ಖುಷಿಪಡುತ್ತಾರೆಂದು ಅವಳು ಅಂದುಕೊಂಡಿದ್ದಳು. ಅವರು ಏಳಲಿಲ್ಲ. ಕೈಚೀಲದ ಹಿಡಿ ತಿರುವುತ್ತಾ ಕೂತರು. ಪರದೆಯಾಚೆ ಹೊಸಬರ್ಯಾರೋ ಯಂತ್ರದ ಕುಯ್ ಸದ್ದಿಗೆ ಕಣ್ಣು ಮುಚ್ಚಿ ಮಲಗಿದ್ದರು.

"ಡಾಕ್ಟ್ರೇ" ಎಂದರು ಕೊನೆಗೆ, ಕೆಳಗೆ ನೋಡುತ್ತಾ, "ಈಚೆಗೆ ಈ ಮೊಣಕಾಲು ಯಾಕೋ ಸರಿ ಇಲ್ಲ."

"ಯಾವ ಮೊಣಕಾಲು?"

ಅತ್ತೆ ಕೊಂಚ ಯೋಚಿಸಿದರು. "ಎಡಗಡೇದು."

ಡಾಕ್ಟರು ನೆಲದ ಮೇಲೆ ಕೂತು ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿದಳು, ಚಾಚಿದಳು, ಚಿಪ್ಪನ್ನು ಆಚೀಚೆ ಸರಿಸಿದಳು. ಅವಳ ಸ್ವಂತ ಮೊಣಕಾಲಿಗಿಂತ ಗಟ್ಟಿಯಾಗಿತ್ತು. ಆದರೂ ಹುಬ್ಬು ಗಂಟಿಕ್ಕಿಕೊಂಡು, ಬಹಳ ಗಂಭೀರವಾಗಿ ಇನ್ನೊಮ್ಮೆ ಮಡಚಿದಳು.

"ಉದಾಸೀನ ಮಾಡೋ ಹಾಗಿಲ್ಲ ಅಮ್ಮಾ" ಎಂದಳು. "ಮುಂದಿನ ವಾರ ಬನ್ನಿ, ನೋಡೋಣ."