ತೋಟದ ಡಬ್ಬಕ್ಕೆ ಅಮ್ಮ ಕೊಡುತ್ತಿದ್ದ ಮಿಸ್ಡ್ ಕಾಲ್

ನನ್ನ ಕೆಲಸ ಏನೆಂದು ನೆಂಟರಿಗೆ ತಿಳಿಸಿ ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮಧುಗಿರಿಯ ಬಾಡಿಗೆ ಕೋಣೆಯಲ್ಲಿ ಕೂತು ಮೋಟರ್ ಡಬ್ಬಗಳಿಗೆ ಪ್ರೋಗ್ರಾಮ್ ಬರೆಯುತ್ತೇನೆ ಎಂದರೆ, "ಓ, ಕಂಪ್ಯೂಟರ್ರು" ಎಂದು ಮಾತು ಮುಗಿಸುತ್ತಾರೆ. ಆ ಡಬ್ಬ ಎಂದರೆ ಪರದೆಯೂ ಗುಂಡಿಗಳೂ ಇಲ್ಲದ ಒಂದು ಮೊಬೈಲ್ ಫೋನ್, ಅಷ್ಟೆ. ಒಳಗೆ ಸಿಮ್ ಇರುತ್ತದೆ. ಬೋರ್‌ವೆಲ್‌ನ ಸ್ಟಾರ್ಟರ್ ಪಕ್ಕದಲ್ಲಿ ಅದನ್ನು ಕೂರಿಸಿದರೆ, ಮನೆಯಿಂದ ಒಂದು ಮಿಸ್ಡ್ ಕಾಲ್ ಕೊಟ್ಟಾಗ ಮೋಟರ್ ಓಡುತ್ತದೆ. ಇನ್ನೊಂದು ಕೊಟ್ಟರೆ ನಿಲ್ಲುತ್ತದೆ.

ಅದರ ಚಿಪ್ ಮಾಡಿದವರೇ ಪ್ರೋಗ್ರಾಮಿಗೆ ಬುನಾದಿಯಾಗಿ ಒಂದು ಪ್ಲಾಟ್‌ಫಾರ್ಮ್ ಕೊಟ್ಟಿರುತ್ತಾರೆ. ಸಿಮ್ಮು, ಸಿಗ್ನಲ್ಲು, ಕರೆ ಎಲ್ಲವನ್ನೂ ಅದೇ ನೋಡಿಕೊಂಡು, ಮೆಮರಿಯಲ್ಲಿ ಉಳಿದ ಚೂರು ಜಾಗವನ್ನು ನಮಗೆ ಬಿಡುತ್ತದೆ. ನಿಮ್ಮ ಫೋನಿನ ಒಂದೇ ಒಂದು ಫೋಟೋ ಕೂಡ ಅಷ್ಟರಲ್ಲಿ ಹಿಡಿಸುವುದಿಲ್ಲ. ಹೊಸದೇನಾದರೂ ಸೇರಿಸಬೇಕೆಂದರೆ ಒಳಗಿರುವ ಏನನ್ನಾದರೂ ಇಳಿಸಬೇಕು. ಮೊದಲು ಅದರಲ್ಲಿ ಬೀಗ ಎಂಬುದೊಂದು ಇತ್ತು. ಒಂದು ಮೆಸೇಜ್ ಕಳಿಸಿದರೆ ಸಾಕು, ಆಮೇಲೆ ಯಾರು ಮಿಸ್ಡ್ ಕಾಲ್ ಕೊಟ್ಟರೂ ಮೋಟರ್ ಏಳುತ್ತಿರಲಿಲ್ಲ. ರಿಪೇರಿ ಸಮಯಕ್ಕೆಂದು ನಾನು ಬರೆದದ್ದು, ಒಬ್ಬರೂ ಬಳಸಲಿಲ್ಲ. ಅಷ್ಟರಲ್ಲಿ ಪಾವಗಡದ ರಾಯಚರ್ಲು ಕಡೆಯ ಗಿರಾಕಿಗಳು, "ಮೋಟರ್ ಆನ್ ಆಗೈತೆ ಅಂತ ಕನ್ನಡದಾಗೆ ಹೇಳ್ತೈತೆ, ತೆಲುಗಾಗೂ ಹೇಳ್ಸಮ್ಮ" ಎಂದು ಹಟ ಹಿಡಿದರು. ನಾನು ಬೀಗವನ್ನು ಇಳಿಸಿ ತೆಲುಗು ದನಿಯನ್ನು ಹತ್ತಿಸಿದೆ. ಎಲ್ಲರಿಗೂ ಖುಷಿಯಾಯಿತು, ನನಗೂ.

ನಮ್ಮ ಊರು ಕೊಳಾಲದ ಹತ್ತಿರ, ಗುಡ್ಡದ ಬುಡದಲ್ಲಿದೆ. ಸೇವಂತಿಗೆ ತೋಟ ಊರಿನಿಂದ ಒಂದು ಮೈಲಿ ಆಚೆ. ನನ್ನ ಮೊದಲ ಡಬ್ಬಗಳಲ್ಲಿ ಒಂದನ್ನು ಅಲ್ಲಿ ಕೂರಿಸಿದ್ದೆ. ಅಮ್ಮ ಅದಕ್ಕೆ ನಾನು ಕನಸಿನಲ್ಲೂ ಕಾಣದ ಉಪಯೋಗ ಕಂಡುಹಿಡಿದಳು. ಅಪ್ಪನ ಫೋನ್ ಒಮ್ಮೆ ನೀರಿನ ತೊಟ್ಟಿಗೆ ಬಿದ್ದ ಮೇಲೆ ಅವನು ತೋಟಕ್ಕೆ ಫೋನ್ ಒಯ್ಯುತ್ತಿರಲಿಲ್ಲ. ಹಾಗಾಗಿ ಅಡುಗೆ ಆದ ಕೂಡಲೇ ಅಮ್ಮ ಜಗಲಿಯ ತುದಿಗೆ ಬರುವಳು. ನಮ್ಮ ಮನೆಗೆ ಸಿಗ್ನಲ್ ಹಿಡಿಯುವುದು ಅಲ್ಲಿ ಮಾತ್ರ. ಅಲ್ಲಿಂದ ಡಬ್ಬಕ್ಕೆ ಮಿಸ್ಡ್ ಕಾಲ್. ತೊಟ್ಟಿಗೆ ದಬದಬನೆ ನೀರು ಬಿತ್ತೆಂದರೆ ಊಟಕ್ಕೆ ಕರೆಯುತ್ತಿದ್ದಾಳೆ ಎಂದು ಅರ್ಥ. ಅಪ್ಪ ಕೈಕಾಲು ತೊಳೆದು, ಸ್ಟಾರ್ಟರ್‌ನ ಕೆಂಪು ಗುಂಡಿ ಒತ್ತಿ ಮನೆಗೆ ಹೊರಡುವನು.

ಆ ದಿನ ನಾನು ಸಿರಾದಲ್ಲಿದ್ದೆ. ಅಲ್ಲಿ ಮೊಬೈಲ್ ರಿಪೇರಿ ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದಾರೆ, ನಾನು ಚಾಚಾ ಎನ್ನುತ್ತೇನೆ. ಹಾಳಾದ ಬೋರ್ಡುಗಳನ್ನು ಅವರ ಅಂಗಡಿಯಲ್ಲೇ ಕೂತು ಸರಿಮಾಡುತ್ತಿದ್ದೆ. ಹನ್ನೆರಡು ದಾಟಿದ ಮೇಲೆ ಅಪ್ಪ ಜಗಲಿಯಿಂದ ಫೋನ್ ಮಾಡಿದ.

"ಮಗಾ, ಬೋರ್ ಹತ್ರ ಕೇಬಲ್ ಜಾಯಿಂಟ್‌ನ ಇಲಿ ಕಡಿದೈತೆ. ಟೇಪ್ ಎಲ್ಲಿಟ್ಟಿದ್ದೀಯ?"

"ಅಟ್ಟದ ಮೇಲೆ ನೋಡಪ್ಪ."

"ಸರಿ ಬುಡು, ಬಿಚ್ಚಿ ಸುತ್ಬುಟ್ಟು ಬತ್ತೀನಿ."

ಹ್ಞೂ ಎಂದೆ. ಕೈಯಲ್ಲಿ ಬೆಸುಗೆ ಹಾಕುವ ಕಡ್ಡಿ ಇತ್ತು, ಕಣ್ಣು ಬೋರ್ಡಿನ ಮೇಲಿತ್ತು. ಆಮೇಲೆ ಚಹಾ ಬಂತು. ಚಾಚಾ, ನಿಮ್ಮ ಡಬ್ಬ ಹಳ್ಳಿಯವರಿಗೆ ಒಗ್ಗಿತೇ ಎಂದು ಕೇಳಿದರು. ನಾನು ಜಂಬದಿಂದ ಅಮ್ಮನ ಊಟದ ಕರೆಯ ಕಥೆ ಶುರುಮಾಡಿದೆ. "ಸರಿಯಾಗಿ ಒಂದು ಗಂಟೆಗೆ ಅಮ್ಮ ಮಿಸ್ಡ್ ಕಾಲ್ ಕೊಡ್ತಾಳೆ ಚಾಚಾ, ಅಪ್ಪ ಎಲ್ಲೇ ಇರಲಿ" ಎಂದವಳು ಅಲ್ಲಿಗೇ ನಿಂತೆ.

ಅಪ್ಪ ಎಂದೂ ಫ್ಯೂಸ್ ತೆಗೆಯುವವನಲ್ಲ. ಸ್ಟಾರ್ಟರ್ ಆಫ್ ಇದ್ದರೆ ಕೇಬಲ್‌ನಲ್ಲಿ ಕರೆಂಟ್ ಇಲ್ಲ, ಅಷ್ಟು ಸಾಕು ಅವನಿಗೆ. ಈಗ ಜಾಯಿಂಟ್ ಬಿಚ್ಚಿ, ಬರಿಯ ತಾಮ್ರದ ತಂತಿಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಾನೆ. ಆ ವಾರ ನಮ್ಮ ಕಡೆ ಹಗಲು ಹೊತ್ತಿನಲ್ಲೇ ಮೋಟರ್ ಓಡಿಸುವ ತ್ರೀಫೇಸ್ ಕರೆಂಟ್ ಇತ್ತು. ಗಡಿಯಾರ ನೋಡಿದೆ. ಒಂದಕ್ಕೆ ಹತ್ತು ನಿಮಿಷ.

ಅಮ್ಮನಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಒಲೆ ಮುಂದಿದ್ದಾಳೆ. ಅಪ್ಪನ ಫೋನೂ ಒಳಗೇ ಇದೆ, ಅದೂ ಹಾಗೇ ಅಂದಿತು. ಪಕ್ಕದ ಮನೆಯವನಿಗೆ ಮಾಡಿದರೆ ಅವನು ಕೊರಟಗೆರೆಯಲ್ಲಿದ್ದ. ಮೋಟರ್ ಏಳದಂತೆ ಮಾಡುವ ಬೀಗವನ್ನು ನಾನೇ ಕಿತ್ತೆಸೆದಿದ್ದೆ.

ಆಗ ಒಂದು ನೆನಪಾಯಿತು. ಡಬ್ಬ ಒಮ್ಮೆಗೆ ಒಂದೇ ಕರೆ ತೆಗೆದುಕೊಳ್ಳುತ್ತದೆ. ಬೇರೆ ಯಾರಾದರೂ ರಿಂಗ್ ಮಾಡುತ್ತಿದ್ದರೆ ಅಮ್ಮನಿಗೆ ಲೈನ್ ಸಿಗುವುದಿಲ್ಲ. ತಕ್ಷಣ ಡಬ್ಬದ ನಂಬರ್ ಒತ್ತಿದೆ. ಒತ್ತಿದ ಮೇಲೆ ಹೊಳೆಯಿತು, ಒತ್ತಿರುವುದು ನನ್ನ ಫೋನಿನಿಂದ. ಡಬ್ಬ ಮೋಟರ್ ಓಡಿಸುವುದು ಮೂರೇ ನಂಬರಿಗೆ, ಅದರಲ್ಲಿ ನನ್ನದೂ ಒಂದು. ಕರೆ ಕತ್ತರಿಸಿದೆನೋ, ಫೋನ್ ಎಸೆದೆನೋ ಗೊತ್ತಿಲ್ಲ. ಚಾಚಾ ಅದನ್ನು ಮೇಜಿನ ಕೆಳಗಿಂದ ಎತ್ತಿ ಕೊಟ್ಟರು. ರಿಂಗ್ ಹೋಗುವ ಮೊದಲೇ ಕರೆ ಕಡಿದುಹೋಗಿತ್ತು. ಹೌದೇ ಎಂದು ಮೂರು ಸಲ ನೋಡಿಕೊಂಡೆ.

"ಕ್ಯಾ ಹುವಾ ಬೇಟಿ? ಏನಾಯ್ತು?"

ಹೇಗೋ ಹೇಳಿದೆ. ಅವರು ತಮ್ಮ ಫೋನ್ ಕೊಟ್ಟರು, ಅಂಗಡಿಯ ಇನ್ನೊಂದು ಫೋನನ್ನು ತಾವು ಹಿಡಿದರು. ಗುರುತಿಲ್ಲದ ನಂಬರಿನ ಕರೆಯನ್ನು ಡಬ್ಬ ಕತ್ತರಿಸಬೇಕಿತ್ತು. ಜಾಗ ಸಾಲದೆಂದು ನೆಪ ಹೇಳಿಕೊಂಡು ಅದನ್ನೂ ನಾನು ಬರೆದಿರಲಿಲ್ಲ. ಹಾಗಾಗಿ ಕರೆ ತಾನಾಗಿ ಸಾಯುವವರೆಗೂ ರಿಂಗ್ ಆಗುತ್ತಲೇ ಇರುತ್ತದೆ. ನನ್ನ ಸೋಮಾರಿತನವೇ ಕೈಹಿಡಿಯಲಿ ಎಂದು ಬೇಡಿಕೊಂಡೆ. ನನ್ನದು ನಿಂತ ಕೂಡಲೇ ಚಾಚಾ ಒತ್ತುತ್ತಿದ್ದರು, ಅವರದು ನಿಂತ ಕೂಡಲೇ ನಾನು. ನಡುವೆ ಒಂದೆರಡು ಸೆಕೆಂಡ್ ಖಾಲಿ ಬೀಳುತ್ತಿತ್ತು.

ಎಡಗೈಯಲ್ಲಿ ನನ್ನ ಫೋನಿನಿಂದ ಅಮ್ಮನಿಗೆ ಮಾಡುತ್ತಲೇ ಇದ್ದೆ. ಹೊರಗಿದ್ದಾರೆ, ಹೊರಗಿದ್ದಾರೆ. ಒಂದು ಗಂಟೆ ದಾಟಿದ ಮೇಲೆ ದನಿ ಬದಲಾಯಿತು: ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ. ಎಂದರೆ ಅಮ್ಮ ಜಗಲಿಗೆ ಬಂದಿದ್ದಾಳೆ. ಈಗ, ಈ ಗಳಿಗೆಯಲ್ಲಿ, ಡಬ್ಬಕ್ಕೆ ಕರೆ ಮಾಡುತ್ತಿದ್ದಾಳೆ. ಮತ್ತೆ ಮಾಡಿದೆ, ನಿರತ. ಮತ್ತೆ, ನಿರತ. ಅದರ ನಡುವೆಯೇ ಒಮ್ಮೆ ಎರಡೂ ಫೋನ್ ಒಟ್ಟಿಗೆ ಕಡಿದುಹೋದವು. ಚಾಚಾ ಬೆವರು ಒರೆಸಿಕೊಂಡು ಮತ್ತೆ ಒತ್ತುವಷ್ಟರಲ್ಲಿ ನಾನು ನಾಲ್ಕರವರೆಗೆ ಎಣಿಸಿದ್ದೆ.

ಆಮೇಲೆ ಅಮ್ಮನ ನಂಬರ್ ಪುನಃ ವ್ಯಾಪ್ತಿಯ ಹೊರಗೆ ಹೋಯಿತು. ಲೈನ್ ಸಿಗದೆ ಒಳಗೆ ಹೋದಳೋ, ಸಿಕ್ಕಿತೆಂದು ಎಲೆ ಹಾಕಲು ಹೋದಳೋ ತಿಳಿಯುವ ದಾರಿಯಿರಲಿಲ್ಲ. ನಾನು ಅಳುತ್ತಿದ್ದೆ. ಅಂಗಡಿಗೆ ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತರು. "ಘಬರಾಬೇಡ ಬೇಟಿ, ಒತ್ತು" ಎಂದರು ಚಾಚಾ. ಒತ್ತಿದೆ.

ಎರಡು ಗಂಟೆಯ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಅಮ್ಮ.

"ಯಾಕಮ್ಮಿ ಇಷ್ಟೊಂದು ಸತಿ ಮಾಡಿದ್ದೀಯಂತೆ, ಮೆಸೇಜ್ ಬಂದೈತೆ ಅಂತ ನಿಮ್ಮಪ್ಪ ಅಂದ್ರು? ನಿನ್ ಡಬ್ಬಕ್ಕೆ ಏನಾಗೈತೆ ನೋಡು, ಮಾಡ್ದಾಗೆಲ್ಲ ಬಿಜಿ ಅಂತೈತೆ. ಸಾಕಾಗಿ ನಾನೇ ಬುತ್ತಿ ಕಟ್ಕಂಡು ತೋಟಕ್ಕೆ ಬಂದ್ಬುಟ್ಟೆ."

"ಅಪ್ಪ?"

"ಇಲ್ಲೇ ಉಣ್ತಾ ಕುಂತವ್ರೆ. ಯಾಕೆ ಇಂಗೆ ಉಸಿರು ಬುಡ್ತಿದ್ದೀಯ?"

ನೆಲದ ಮೇಲೆ ಕೂತುಬಿಟ್ಟೆ. ಚಾಚಾ ಮಾತ್ರ ಇನ್ನೂ ಒತ್ತುತ್ತಲೇ ಇದ್ದರು, ಸಾಕು ಎಂದು ಅವರಿಗೆ ನಾನು ಹೇಳಿರಲಿಲ್ಲ.

ಸಂಜೆಯ ಬಸ್ಸಿಗೆ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಅಡ್ಡಾಗಿದ್ದ, ಬೆರಳುಗಳಿಗೆ ಟೇಪಿನ ಕರಿ ಅಂಟು ಮೆತ್ತಿತ್ತು. "ನಿನ್ ಡಬ್ಬ ಯಾರ್ ಜೊತೆ ಮಾತಾಡ್ತಿತ್ತಮ್ಮಿ ಮಧ್ಯಾಹ್ನೆಲ್ಲ?" ಎಂದು ಗೇಲಿ ಮಾಡಿದ. ನಾನು ನಗಲಿಲ್ಲ. ಅಮ್ಮನನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ. ಬೀಗ ತೆಗೆದದ್ದನ್ನೂ ಮುಚ್ಚಿಡಲಿಲ್ಲ.

ಅವಳು ತನ್ನ ಫೋನ್ ನನ್ನ ಕೈಗಿಟ್ಟಳು. "ನಂಗೆ ಓದಕ್ಕೆ ಬರಲ್ಲ. ಎಷ್ಟು ಸತಿ ಮಾಡಿದ್ದೆ, ನೋಡಿ ಹೇಳು."

"ಏಳು."

"ಒಂದು ಹೋಗಿದ್ರೆ?"

"ಅಪ್ಪ ಹಿಡಿದಿದ್ದ ತಂತಿಗೆ ಕರೆಂಟ್ ಬರ್ತಿತ್ತಮ್ಮ."

ಅಮ್ಮ ಎದ್ದು ಜಗಲಿಗೆ ಹೋದಳು. ಅಪ್ಪನ ಪಕ್ಕ ಕೂತು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಹುಟ್ಟಿದಾಗಿನಿಂದ ಅವರನ್ನು ಹಾಗೆ ಕಂಡವಳಲ್ಲ.

"ಏನೇ ಇದು, ಮಗಳ ಮುಂದೆ," ಅಪ್ಪ ನಾಚಿ ಕೈ ಎಳೆದುಕೊಳ್ಳಲು ನೋಡಿದ. "ಬುಡೇ."

ಅವಳು ಬಿಡಲಿಲ್ಲ.