ಏನೂ ಬೇಡದವರ ಪಾದ

ಮೊದಲು ಒಂದು ತಪ್ಪೊಪ್ಪಿಗೆ. ಸುಖವಾಗಿರುವ ಒಬ್ಬ ಮನುಷ್ಯನಿಗೆ ಏನಾದರೊಂದು ಸಣ್ಣ ಕಷ್ಟ ಬರಲಿ ಎಂದು ನಾನು ಎರಡು ವರ್ಷ ಕಾದಿದ್ದೇನೆ. ದ್ವೇಷದಿಂದಲ್ಲ, ಭಕ್ತಿಯಿಂದ.

ಆತನ ಹೆಸರು ದೇವಪುತ್ರಪ್ಪ. ಮಾನ್ವಿಯಲ್ಲಿ ಅಕ್ಕಿ ಗಿರಣಿ, ಪೋತ್ನಾಳದಲ್ಲಿ ಗದ್ದೆ, ಮೈಯಲ್ಲಿ ಆರೋಗ್ಯ, ಮನೆಯಲ್ಲಿ ಗಂಡನ ಹಾಸ್ಯಕ್ಕೆ ನಗುವ ಹೆಂಡತಿ. ನಾನು ದೇವದುರ್ಗದಲ್ಲಿ ಹೆಡ್ ಮಾಸ್ತರನಾಗಿ ನಿವೃತ್ತನಾಗಿ, ಮಾನ್ವಿಗೆ ಬಂದು ನೆಲೆಸಿ, ನಮ್ಮ ಸಣ್ಣ ಚರ್ಚಿಗೆ ಕಾರ್ಯದರ್ಶಿಯಾದವನು. ಪ್ರಾರ್ಥನೆಯ ಪೆಟ್ಟಿಗೆಯಲ್ಲಿ ಬಿದ್ದ ಚೀಟಿಗಳನ್ನು ಪ್ರತಿ ಭಾನುವಾರ ಓದಿ ಹೇಳುವುದು ನನ್ನ ಕೆಲಸ. ಮಗಳಿಗೆ ವರ, ಸೊಂಟಕ್ಕೆ ಬಲ, ಅಳಿಯನಿಗೆ ಬುದ್ಧಿ. ನಾವು ದೇವರನ್ನು ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನಾಗಿ ಮಾಡಿ ಕೂರಿಸಿಬಿಟ್ಟಿದ್ದೇವೆ; ಕಾಯಿಲೆಯಿಲ್ಲದವನು ಬಂದರೆ ಏನು ಬರೆದುಕೊಡಬೇಕೋ ನಮಗೇ ತಿಳಿಯುವುದಿಲ್ಲ. ದೇವಪುತ್ರಪ್ಪನ ಚೀಟಿಯಲ್ಲಿ ವಾರವಾರವೂ ದುಂಡಗಿನ ಅಕ್ಷರದಲ್ಲಿ ಎರಡೇ ಪದ: ‘ಏನೂ ಇಲ್ಲ.’

ಹಾಗೆಂದು ಆತ ಅಹಂಕಾರಿಯಲ್ಲ. ಅಹಂಕಾರಿಯಾಗಿದ್ದರೆ ನಮಗೆ ಎಷ್ಟೋ ಅನುಕೂಲವಾಗುತ್ತಿತ್ತು. ಚರ್ಚಿನ ಫ್ಯಾನು, ಮೈಕು, ಬೆಂಚು ಎಲ್ಲ ಆತನದೇ ಕೊಡುಗೆ. ಎಲ್ಲದರ ಮೇಲೂ ಹೆಸರು ಬರೆಸಿದ್ದಾನೆ, ನಿಜ. ಬೇಸರದ ಬೋಧನೆಯಿದ್ದಾಗ ಜನ ತಲೆಯೆತ್ತಿ ಓದುವುದು ಫ್ಯಾನಿನ ಮೇಲಿನ ಆ ಹೆಸರನ್ನೇ.

ಇಂಥ ಯಶಸ್ವಿಗಳಿಗೂ ಸುವಾರ್ತೆ ಮುಟ್ಟಬೇಕೆಂದು ನಾವು ರಾಯಚೂರಿನಿಂದ ಒಬ್ಬ ದೊಡ್ಡ ಬೋಧಕರನ್ನು ಕರೆಸಿದೆವು. ಅವರು ಒಂದೂವರೆ ತಾಸು ಮಾತಾಡಿದರು. ಸಿರಿವಂತರಿಗೆ ಮಂಚವಿದೆ, ನಿದ್ದೆಯಿಲ್ಲ. ಬಂಗಲೆಯಿದೆ, ಒಳಗೆಲ್ಲ ಖಾಲಿ ಎಂದರು. ಬಡವರು ಬಹಳ ಸಂತೋಷಪಟ್ಟು ಕೇಳಿದರು. ಮುಗಿದ ಮೇಲೆ ದೇವಪುತ್ರಪ್ಪ ನನ್ನ ಬಳಿ ಬಂದು ಪ್ರಾಮಾಣಿಕವಾಗಿಯೇ ಕೇಳಿದ.

“ಸರ್, ನಾ ಒಂಬತ್ತಕ್ಕ ಮಲಗಿದ್ರ ಐದಕ್ಕ ಎಚ್ಚರಾಗ್ತದ. ಆರಾಮ ಅದೀನಿ. ಖಾಲಿ ಅಂದ್ರ ಎಲ್ಲಿ ಖಾಲಿ, ತಿಳೀಲಿಲ್ಲ ನನಗ.”

ಯೇಸುವಿನ ಬಳಿಗೂ ಇಂಥವನೇ ಒಬ್ಬ ಸಿರಿವಂತ ಯುವಕ ಬಂದಿದ್ದನಲ್ಲ, ಆಜ್ಞೆಗಳನ್ನೆಲ್ಲ ಪಾಲಿಸಿದ್ದೇನೆ, ಇನ್ನೇನು ಬೇಕು ಎನ್ನುತ್ತ. ಅವನು ಕೊನೆಗೆ ದುಃಖದಿಂದ ಹಿಂದಿರುಗಿ ಹೋದ. ನಮ್ಮವನು ದುಃಖವನ್ನೂ ಪಡಲಿಲ್ಲ. ಬೋಧಕರಿಗೆ ಊಟ ಹಾಕಿಸಿ, ತನ್ನದೇ ಕಾರಿನಲ್ಲಿ ರಾಯಚೂರಿಗೆ ಬಿಡಿಸಿದ. ಹೀಗಾಗಿಯೇ ನಾನು ಕಾಯತೊಡಗಿದ್ದು. ಒಂದು ಜ್ವರ, ಗಿರಣಿಯಲ್ಲೊಂದು ತಕರಾರು, ಏನಾದರೂ ಬಂದರೆ ದೇವರನ್ನು ಜೊತೆಗೆ ಕರೆದುಕೊಂಡು ಆತನ ಮನೆಗೆ ಹೋಗಬಹುದಿತ್ತು. ಏನೂ ಬರಲಿಲ್ಲ. ಆತನ ದೇವರು ನನಗಿಂತ ಒಳ್ಳೆಯವನು.

ಈ ವರ್ಷ ನಮಗೆ ಹೊಸ ಪಾಸ್ಟರು ಬಂದರು. ಇನ್ನೂ ಮೂವತ್ತಾಗದ, ಮೆದು ಮಾತಿನ ಹುಡುಗ. ಶುಭ ಶುಕ್ರವಾರದ ಹಿಂದಿನ ಗುರುವಾರ ಸಂಜೆ ಪಾದ ತೊಳೆಯುವ ಆಚರಣೆ ಮಾಡೋಣ ಎಂದರು. ನಮ್ಮಲ್ಲಿ ಅದರ ರೂಢಿಯಿರಲಿಲ್ಲ. ಯೇಸು ಶಿಷ್ಯರ ಪಾದ ತೊಳೆದದ್ದನ್ನು ನಾವು ಓದುತ್ತಿದ್ದೆವು, ಓದಿ ಚಪ್ಪಲಿ ಮೆಟ್ಟಿ ಮನೆಗೆ ಹೋಗುತ್ತಿದ್ದೆವು. ಚೀಟಿ ಎತ್ತಿ ಜೋಡಿ ಮಾಡುವುದು, ಒಬ್ಬರು ಇನ್ನೊಬ್ಬರ ಪಾದ ತೊಳೆಯುವುದು ಎಂದು ನಿರ್ಧಾರವಾಯಿತು. ದೇವಪುತ್ರಪ್ಪ ಆಗಲೇ ಹೊಸ ಬೋಗುಣಿ, ಬಿಳಿ ಟವೆಲ್‌ಗಳನ್ನು ಕಳಿಸಿದ.

ಚೀಟಿಯಲ್ಲಿ ಆತನಿಗೆ ಜೋಡಿಯಾಗಿ ಬಂದವಳು ಎಸ್ತೇರಮ್ಮ. ಬಸ್ ಸ್ಟ್ಯಾಂಡಿನ ಎದುರು ಪುಂಡಿಪಲ್ಯದ ಸೊಪ್ಪು ಮಾರುವ, ಎಪ್ಪತ್ತು ದಾಟಿದ ಮುದುಕಿ. ಇಡೀ ಚರ್ಚಿನಲ್ಲಿ ದೇವಪುತ್ರಪ್ಪನನ್ನು ಇದುವರೆಗೆ ಏನನ್ನೂ ಕೇಳದವಳು ಆಕೆಯೊಬ್ಬಳೇ.

ಆತ ಸಂತೋಷದಿಂದಲೇ ಮೊಣಕಾಲೂರಿ ಆಕೆಯ ಪಾದ ತೊಳೆದ, ಗಿರಣಿಯ ಯಂತ್ರವನ್ನು ಒರೆಸುವಷ್ಟು ಶ್ರದ್ಧೆಯಿಂದ. ಇನ್ನೂ ನಾಲ್ಕು ಜನರದ್ದು ಬೇಕಾದರೆ ತಾನೇ ತೊಳೆಯುವುದಾಗಿ ಹೇಳಿದ. ಆದರೆ ತನ್ನ ಸರದಿ ಬಂದಾಗ ಎದ್ದು ನಿಂತ. ತನಗೆ ಬೇಡವೆಂದೂ, ಹಿರಿಯಳಿಂದ ಕಾಲು ತೊಳೆಸಿಕೊಳ್ಳುವುದು ಸರಿಯಲ್ಲವೆಂದೂ, ಮನೆಯಲ್ಲಿ ಸ್ನಾನ ಮಾಡಿಕೊಂಡೇ ಬಂದಿದ್ದೇನೆಂದೂ ಕಾರಣಗಳ ಮೇಲೆ ಕಾರಣ ಕೊಟ್ಟ. ಪಾಸ್ಟರು ಹತ್ತಿರ ಹೋಗಿ ಮೆಲ್ಲಗೆ ಹೇಳಿದರು.

“ತೊಳಿಯೋದು ಸಸಾರ ಅದರಿ ಅಣ್ಣಾರ. ತೊಳಿಸ್ಕೊಳ್ಳೋದ ಕಷ್ಟ. ಶಿಷ್ಯರಾಗೂ ಒಬ್ಬಾತ ಕಾಲು ಹಿಂದಕ್ಕ ಎಳಕೊಂಡಿದ್ದ.”

ಎಸ್ತೇರಮ್ಮ ಅಷ್ಟರಲ್ಲಿ ಬೋಗುಣಿಯ ಮುಂದೆ ಕುಳಿತಾಗಿತ್ತು. “ಕುಂದರಪಾ,” ಎಂದಳು, ಗಿರಾಕಿಗೆ ಹೇಳುವಂತೆ. ಆತ ಕುಳಿತ. ಸಾಕ್ಸ್ ತೆಗೆದಾಗ ಬೆಳ್ಳಗಿನ, ಬಿಸಿಲು ಕಾಣದ ಪಾದಗಳು ಹೊರಬಂದವು. ಆಕೆಯ ಒರಟು ಬೆರಳು ತಾಗಿದ್ದೇ ತಡ, ದೇವಪುತ್ರಪ್ಪ ಕುರ್ಚಿಯಲ್ಲೇ ಜಿಗಿದ. ಕಚಗುಳಿ! ಇಡೀ ಚರ್ಚು ನಕ್ಕಿತು, ಆತನೂ ನಕ್ಕ. ಆಮೇಲೆ ನಗು ನಿಂತಿತು, ನೀರಿನ ಸದ್ದು ಮಾತ್ರ ಉಳಿಯಿತು. ಆಕೆ ಅವಸರ ಮಾಡಲಿಲ್ಲ. ಬೆರಳುಗಳ ಸಂದಿಯನ್ನೂ ಒರೆಸಿದಳು. ಆತನಿಗೆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ, ಅದು ಅಭ್ಯಾಸಬಲದಿಂದ ಜೇಬಿಗೆ ಹೋಯಿತು.

“ಇದಕ್ಕ ಪಗಾರ ಇಲ್ಲಪಾ,” ಎಂದಳು ಎಸ್ತೇರಮ್ಮ, ತಲೆಯೆತ್ತದೆ. “ಸುಮ್ಮನ ತಗೋ.”

ಕೈ ಜೇಬಿನಿಂದ ಖಾಲಿಯಾಗಿ ಹೊರಬಂತು. ದೇವಪುತ್ರಪ್ಪ ಆ ಟವೆಲ್ಲಿನಿಂದಲೇ ಮುಖ ಒರೆಸಿಕೊಂಡ, ಬೆವರಿಗೆಂಬಂತೆ. ನಮ್ಮ ಮಾನ್ವಿಯ ಬೇಸಗೆಯಲ್ಲಿ ಬೆವರಿಗೆ ಕಾರಣ ಯಾರೂ ಕೇಳುವುದಿಲ್ಲ.

ಕೊಳ್ಳಲಾಗದ್ದನ್ನು, ದುಡಿಯಲಾಗದ್ದನ್ನು ಸುಮ್ಮನೆ ಕೂತು ಪಡೆಯುವುದಕ್ಕೆ ಕೃಪೆ ಎನ್ನುತ್ತಾರೆ ಎಂದು ನಾನು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟಿದ್ದೇನೆ. ಆ ಸಂಜೆ ಅದನ್ನು ನೋಡಿ ಬಹಳ ತೃಪ್ತಿಯಾಯಿತು. ಸುವಾರ್ತೆ ಕೊನೆಗೂ ಸಾಹುಕಾರನಿಗೆ ಮುಟ್ಟಿತು ಎಂದುಕೊಂಡು ಬೋಗುಣಿಗಳನ್ನು ಎತ್ತಿಡಲು ಹೊರಟೆ. ಆಗ ದೇವಪುತ್ರಪ್ಪ, ಬರಿಗಾಲಿನಲ್ಲೇ, ಸರ್, ನಿಮ್ಮ ಜೋಡಿ ಯಾರು ಎಂದು ನನ್ನನ್ನು ಕೇಳಿದ.

ಯಾರೂ ಇರಲಿಲ್ಲ. ಚೀಟಿಗಳಲ್ಲಿ ಹೆಸರು ಬರೆದವನು ನಾನೇ. ನನ್ನ ಹೆಸರನ್ನು ಬಿಟ್ಟಿದ್ದೆ. ಕಾರ್ಯದರ್ಶಿಗೆ ಕೆಲಸವಿರುತ್ತದಲ್ಲ. ನಾನೂ ಕಾರಣಗಳ ಮೇಲೆ ಕಾರಣ ಕೊಟ್ಟೆ. ಮನೆಯಲ್ಲಿ ಸ್ನಾನ ಮಾಡಿದ್ದೇನೆ ಎಂದೂ ಹೇಳಿದೆನಂತೆ. ಆತ ಕುರ್ಚಿ ಎಳೆದ. ಕೂರಲು ಹೋದರೆ ಬಲಗಾಲು ಮಡಚಲಿಲ್ಲ; ಚಾಚಿಕೊಂಡೇ ಕುಳಿತೆ. ಹೆಂಡತಿ ತೀರಿದ ಮೇಲೆ ನನ್ನ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ, ಯಾರಾದರೂ ಸಾರು ಕಳಿಸಿದರೆ ಡಬ್ಬಿ ಹಾಗೆಯೇ ವಾಪಸ್ ಕಳಿಸುತ್ತೇನೆ. ಮೊಣಕಾಲಿನ ವಿಷಯ ಯಾರಿಗೂ ಹೇಳಿರಲಿಲ್ಲ.

“ಎಷ್ಟು ದಿನಾತ್ರಿ ಸರ್ ಇದು?” ಎಂದ ದೇವಪುತ್ರಪ್ಪ, ಪಾದ ಹಿಡಿದುಕೊಂಡೇ.

“ನಾಲ್ಕು ತಿಂಗಳಾತು,” ಎಂದೆ.

ಸೋಮವಾರ ಆತನೇ ಕಾರು ನಡೆಸಿ ನನ್ನನ್ನು ರಾಯಚೂರಿನ ಎಲುಬಿನ ಡಾಕ್ಟರ ಬಳಿಗೆ ಕರೆದೊಯ್ದ. ನಿಮಗ್ಯಾಕೆ ತೊಂದರೆ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಹೋದೆ. ಸಾವಿರಾರು ಮಕ್ಕಳಿಂದ ದಿನಕ್ಕೆ ಹತ್ತು ಸಲ ಧನ್ಯವಾದ ಹೇಳಿಸಿದವನು ನಾನು. ಆ ಒಂದು ಮಾತು ನನ್ನ ಬಾಯಿಂದ ಹೊರಡಲು ವಾಪಸ್ ಬರುವಾಗ ಮಾನ್ವಿ ಕಾಣಿಸಬೇಕಾಯಿತು. ಹೇಳಿದೆ. ದೇವಪುತ್ರಪ್ಪ ಗಾಡಿ ನಿಧಾನ ಮಾಡಿ ನನ್ನ ಮುಖ ನೋಡಿದ. ಪಾಪ, ಆತನ ಬಳಿ ಬಂದವರೆಲ್ಲ ಏನಾದರೂ ಕೇಳುವವರೇ. ತಾನಾಗಿ ಕೊಟ್ಟದ್ದನ್ನು ತೆಗೆದುಕೊಂಡು, ಮತ್ತೇನನ್ನೂ ಕೇಳದೆ ಧನ್ಯವಾದವಷ್ಟೇ ಹೇಳಿದವನು ಸಿಕ್ಕಿದ್ದು ಆತನಿಗೂ ಅದೇ ಮೊದಲಿರಬೇಕು.